ಹತ್ತಿ ಮುಟ್ಟಿದ ಕೈ

೧೯೪೬ರಲ್ಲಿ ನನ್ನ ಓದು ನಿಂತಿತು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಇನ್ನು ಮೂರು ತಿಂಗಳಿತ್ತು. ಲೆಕ್ಕದಲ್ಲಿ ವರ್ಗಕ್ಕೆ ನಾನೇ ಮೊದಲಿಗ. ಇದನ್ನು ಜಂಬಕ್ಕೆ ಹೇಳುತ್ತಿದ್ದಾನೆ ಎಂದು ಯಾರಾದರೂ ಅಂದುಕೊಂಡರೆ ನನ್ನ ತಕರಾರಿಲ್ಲ, ಜಂಬಕ್ಕೇ ಹೇಳುತ್ತಿದ್ದೇನೆ. ಅಪ್ಪ ಸತ್ತ ಹದಿನಾಲ್ಕನೆಯ ದಿನ ಪಾಟಿಚೀಲವನ್ನು ಗೂಟಕ್ಕೆ ತೂಗುಹಾಕಿದೆ. ಮತ್ತೆ ಇಳಿಸಲಿಲ್ಲ.

ನಮ್ಮದು ಶಿರಹಟ್ಟಿಯ ಹಳೇ ಓಣಿಯಲ್ಲಿ ಒಂದು ಸಣ್ಣ ಗುಡಿಯ ಪೂಜೆ ಮಾಡಿಕೊಂಡು ಬಂದ ಮನೆತನ. ಅಜ್ಜನಿಗೆ ಇಬ್ಬರು ಗಂಡುಮಕ್ಕಳು, ದೊಡ್ಡಪ್ಪ ಮತ್ತು ನಮ್ಮಪ್ಪ. ಅಜ್ಜ ಹೋಗುವ ಮೊದಲು ವರ್ಷವನ್ನು ಎರಡು ಪಾಳಿ ಮಾಡಿ ಹಂಚಿದ್ದ. ಯುಗಾದಿಯಿಂದ ದಸರೆಯ ಬನ್ನಿ ಹಬ್ಬದವರೆಗೆ ದೊಡ್ಡಪ್ಪನ ಪಾಳಿ, ಬನ್ನಿಯಿಂದ ಯುಗಾದಿಯವರೆಗೆ ಅಪ್ಪನ ಪಾಳಿ. ಪಾಳಿ ಬದಲಾಗುವ ದಿನ ಗರ್ಭಗುಡಿಯ ಕೀಲಿಕೈಯನ್ನು ತಾಮ್ರದ ತಟ್ಟೆಯಲ್ಲಿಟ್ಟು ಒಬ್ಬ ಹಿಡಿಯಬೇಕು, ಇನ್ನೊಬ್ಬ ಎರಡೂ ಕೈಯಿಂದ ಎತ್ತಿಕೊಳ್ಳಬೇಕು. ಅಪ್ಪ ತನ್ನ ಪಾಳಿಯ ನಡುವೆಯೇ ಸತ್ತ. ಸೂತಕ ಕಳೆದ ಮೇಲೆ ಉಳಿದ ದಿನಗಳ ಪೂಜೆಯನ್ನು ದೊಡ್ಡಪ್ಪ ಮಾಡಿದ. ನಮ್ಮದು ಅಪ್ಪ ಸತ್ತ ಮನೆ, ಅದು ಸರಿಯೇ.

ಆದರೆ ಹೊಟ್ಟೆ ಸೂತಕ ಕೇಳುವುದಿಲ್ಲ. ನಾನು ಗದಗಿಗೆ ಹೋಗಿ ಒಬ್ಬ ಸಾಹೇಬರ ಅರಳೆ ಅಂಗಡಿಯಲ್ಲಿ ಸೇರಿಕೊಂಡೆ. ಅವರ ಜಿನ್ನಿನಲ್ಲಿ ಹತ್ತಿಯ ಬೀಜ ಬಿಡಿಸಿ, ಅರಳೆಯನ್ನು ಒತ್ತಿ ಗಂಟು ಕಟ್ಟಿ ಮುಂಬಯಿಗೆ ಕಳಿಸುತ್ತಿದ್ದರು. ಆರು ತಿಂಗಳು ಅಲ್ಲಿ ಮೈಮುರಿದು ದುಡಿದು, ಬನ್ನಿ ಹಬ್ಬದ ದಿನ ಊರಿಗೆ ಬಂದೆ. ಬಾವಿಯಲ್ಲಿ ಮಿಂದು, ಒದ್ದೆ ಪಂಚೆಯಲ್ಲೇ ಗುಡಿಯ ಮುಂದೆ ನಿಂತೆ. ಈ ಸಲ ತಟ್ಟೆಯ ಮುಂದೆ ಕೈ ಚಾಚಬೇಕಾದವನು ನಾನು.

ದೊಡ್ಡಪ್ಪ ತಟ್ಟೆ ತರಲಿಲ್ಲ. ಹೊಸ್ತಿಲ ಒಳಗೆ ನಿಂತು ನನ್ನನ್ನು ಮೇಲೆ ಕೆಳಗೆ ನೋಡಿದ.

“ಲೇ, ಎಲ್ಲಿ ದುಡ್ಯಾಕ ಹತ್ತೀ ನೀ?”

“ಗದಗಿನ್ಯಾಗ, ಸಾಹೇಬರ ಅಂಗಡ್ಯಾಗ.”

“ಕಂಡಕಂಡವರು ಬಿಡಿಸಿದ ಹತ್ತಿ. ಕಂಡಕಂಡವರ ಬೆವರು. ಅದನ್ನ ಮುಟ್ಟಿದ ಕೈ ದೇವರ ಮೈ ಮುಟ್ಟಬೇಕೇನ?”

“ಜಳಕಾ ಮಾಡೇನಿ ದೊಡ್ಡಪ್ಪಾ.”

“ಜಳಕಕ್ಕ ಹೋಗೂ ಮೈಲಿಗಿ ಅಲ್ಲದು. ಕೂಲಿ ಮಾಡೂ ಕೈಗೆ ಪೂಜಿ ಇಲ್ಲ. ಆಚೆ ಸರದು ನಿಂದ್ರು.”

ಓಣಿಯ ಅರ್ಧ ಮಂದಿ ಅಲ್ಲಿದ್ದರು. ಅವ್ವ ಸೆರಗು ಹೊದ್ದು ಮುಂದೆ ಬಂದಳು. “ಭಾವನವರ, ಹುಡುಗಗ ಪಾಳಿ ಬ್ಯಾಡಂದ್ರ ಬ್ಯಾಡ. ತೀರ್ಥಾನರ ಕೊಡ್ರಿ” ಎಂದಳು. ದೊಡ್ಡಪ್ಪ ಅವಳನ್ನು ಅಂಗಳದ ಕಂಬದ ಆಚೆ ನಿಲ್ಲಿಸಿ, ಒಂದು ಮೊಳ ಮೇಲಿನಿಂದ ತೀರ್ಥ ಸುರಿದ. ಅರ್ಧ ಅವಳ ಮುಂಗೈ ಮೇಲೆ ಬಿತ್ತು, ಅರ್ಧ ನೆಲಕ್ಕೆ. ಇಪ್ಪತ್ತು ವರ್ಷ ಆ ಗುಡಿಯ ಅಂಗಳ ಸಾರಿಸಿದ ಹೆಂಗಸು ಅವಳು. ಆ ಗಳಿಗೆಯಲ್ಲಿ ನಾನು ಏನನ್ನು ಗಟ್ಟಿ ಮಾಡಿಕೊಂಡೆನೋ ಅದನ್ನು ಮುಂದಿನ ಹತ್ತು ವರ್ಷ ಒಂದು ದಿನವೂ ಕೆಳಗಿಡಲಿಲ್ಲ. ನಮ್ಮಪ್ಪನ ಆರು ತಿಂಗಳು ನನಗೆ ಬರಬೇಕು. ಅದೂ ದೊಡ್ಡಪ್ಪನ ಕೈಯಿಂದಲೇ, ಅದೇ ಮಂದಿಯ ಎದುರಿಗೇ ಬರಬೇಕು.

ಮರುವರ್ಷ ಸ್ವಾತಂತ್ರ್ಯ ಬಂತು. ಶಿರಹಟ್ಟಿ ಆಗ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಎರಡೂ ಸಂಸ್ಥಾನಗಳು ಹೋದವು, ರಾಜರೂ ಕಾಗದಕ್ಕೆ ಸಹಿ ಹಾಕಿ ಬಿಟ್ಟುಕೊಟ್ಟರು. ದೊಡ್ಡಪ್ಪನ ಸಂಸ್ಥಾನ ಮಾತ್ರ ಹೋಗಲಿಲ್ಲ.

ನಾನು ಕೆಲಸ ಕಲಿತೆ. ಸಿಟ್ಟಿನಿಂದ ಕಲಿತೆ, ಅದಕ್ಕೇ ಬೇಗ ಕಲಿತೆ. ಅರಳೆಯ ಒಂದು ಚಿಟಿಕೆ ಹಿಡಿದು, ಎರಡೂ ಕೈಯ ಹೆಬ್ಬೆರಳು ತೋರುಬೆರಳ ನಡುವೆ ಎಳೆದು, ಎಳೆಯ ಮೇಲೆ ಎಳೆ ಜೋಡಿಸಿ, ತುದಿ ಸಮ ಮಾಡಿ, ತೋಳಿಗೆ ಕಟ್ಟಿದ ಕರಿ ಬಟ್ಟೆಯ ಮೇಲೆ ಇಟ್ಟು ಅದರ ಉದ್ದ ನೋಡಬೇಕು. ಅಂತೂರ ಬೆಂತೂರ, ಹಿರೇಹಂದಿಗೋಳದ ಕರಿ ಎರೆ ಹೊಲದ ಹತ್ತಿ ಯಾವುದು, ಮುಂಡರಗಿ ಕಡೆಯ ಕೆಂಪು ಮಸಾರಿಯದು ಯಾವುದು ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಸಾಹೇಬರು ಗಿರಾಕಿಗಳ ಮುಂದೆ ನನ್ನನ್ನು ಕೂರಿಸಿ, “ಇವನ ಬೆರಳಾಗ ಏನೋ ಐತಿ ನೋಡ್ರಿ. ನನ್ನ ಮಗಗ ಹತ್ತು ವರ್ಷ ಕಲಿಸಿದೆ, ಅವಂಗ ಇನ್ನೂ ಅರಳಿಗೂ ಗಾದಿಗೂ ಫರಕ ತಿಳಿವಲ್ದು” ಎನ್ನುತ್ತಿದ್ದರು. ಮಗ ಅಲ್ಲೇ ಗಾದಿಯ ಮೇಲೆ ಒರಗಿ ನಗುತ್ತಿದ್ದ.

೧೯೫೫ರಲ್ಲಿ ಜಪಾನಿನಿಂದ ತಕರಾರು ಬಂತು. ನಮ್ಮ ಅರಳೆ ಮುಂಬಯಿ ಕಂಪನಿಯೊಂದರ ಮೂಲಕ ಅಲ್ಲಿನ ಗಿರಣಿಗೆ ಹೋಗಿತ್ತು. ಕಳಿಸಿದ ಮಾಲು ತೋರಿಸಿದ ಮಾದರಿಯಂತಿಲ್ಲ, ಮಾದರಿ ತೆಗೆದವನೇ ಬಂದು ನೋಡಲಿ ಎಂದು ಅವರು ಬರೆದಿದ್ದರು. ಮಾದರಿ ತೆಗೆದವನು ನಾನು.

“ಹೋಕ್ಕೀಯೇನ?” ಎಂದರು ಸಾಹೇಬರು.

“ಎಷ್ಟು ದಿನದ ಹಾದಿರಿ?”

“ಹಡಗಿನ್ಯಾಗ ಇಪ್ಪತ್ತು ದಿನದ ಮ್ಯಾಲ. ಖಾರಾ ರೊಟ್ಟಿ ಕಟ್ಟಿಸ್ಕೊ. ಅಲ್ಲಿ ಹಸೀ ಮೀನ ತಿಂತಾರಂತ.”

ನಾನು ಇನ್ನೂ ತೀರ್ಮಾನ ಮಾಡಿರಲಿಲ್ಲ. ಅಷ್ಟರಲ್ಲಿ ಖಬರು ಶಿರಹಟ್ಟಿಗೆ ಮುಟ್ಟಿ, ದೊಡ್ಡಪ್ಪ ಒಬ್ಬರ ಕೈಯಲ್ಲಿ ಹೇಳಿಕಳಿಸಿದ: ಸಮುದ್ರ ದಾಟಿದರೆ ಇನ್ನು ಗುಡಿಯ ಅಂಗಳಕ್ಕೂ ಕಾಲಿಡಕೂಡದು. ಕೇಳಿದ ಕೂಡಲೇ ಸಾಹೇಬರಿಗೆ ಹೂಂ ಅಂದೆ. ಹಡಗಿನಲ್ಲಿ ಕರುಳು ಬಾಯಿಗೆ ಬರುವಂತೆ ವಾಂತಿ ಮಾಡಿಕೊಳ್ಳುವಾಗಲೂ ನನಗೆ ಒಂದೇ ಯೋಚನೆ. ಈ ದೊಡ್ಡಪ್ಪ ಒಂದು ದೇವರ ಬಾಗಿಲು ಮುಚ್ಚಿದ್ದಾನಲ್ಲ, ಆ ದೇಶದಲ್ಲಿ ಎಷ್ಟು ದೇವರ ಬಾಗಿಲುಗಳಿವೆಯೋ ಅಷ್ಟಕ್ಕೂ ಹೋಗಿ ನಿಲ್ಲುತ್ತೇನೆ. ಭಕ್ತಿಯಿಂದ ಹೋದೆ ಎಂದು ಬರೆದರೆ ಸುಳ್ಳಾದೀತು.

ಕೋಬೆ ಬಂದರಿನಲ್ಲಿ ಕಂಪನಿಯ ಸಿಂಧಿ ಗುಮಾಸ್ತನೊಬ್ಬ ನನ್ನನ್ನು ಇಳಿಸಿಕೊಂಡ. ಆ ದೇಶದ ಮಾತು ಅವನಿಗೆ ಬರುತ್ತಿತ್ತು. ಸಾಹೇಬರ ಅಂಗಡಿಯಲ್ಲಿ ಕಲಿತ ಹಿಂದುಸ್ತಾನಿ ನನಗೆ ಬರುತ್ತಿತ್ತು. ಅವನೇ ನನ್ನ ದುಭಾಷಿ. ಮೊದಲ ರವಿವಾರ, “ಇಲ್ಲಿ ನೋಡುವಂಥದ್ದು ಏನಿದೆ?” ಎಂದೆ. ಸಿನೆಮಾ ಇದೆ ಎಂದ. ಗುಡಿ ತೋರಿಸು ಎಂದೆ. ನನ್ನನ್ನು ವಿಚಿತ್ರವಾಗಿ ನೋಡಿ ಗುಡ್ಡದ ಬುಡಕ್ಕೆ ಕರೆದೊಯ್ದ.

ಎರಡು ಕೆಂಪು ಕಂಬ, ಅವುಗಳ ಮೇಲೆ ಎರಡು ಅಡ್ಡ ತೊಲೆ. ಚೌಕಟ್ಟಿದೆ, ಬಾಗಿಲಿಲ್ಲ. ನಾನು ಮೊದಲು ನೆಲ ನೋಡಿದೆ. ಹೊಸ್ತಿಲೂ ಇರಲಿಲ್ಲ. ರೂಢಿಯಂತೆ ಬೂಟು ಕಾಲುಚೀಲ ಕಳಚಿ ಕಂಬದ ಬುಡದಲ್ಲಿಟ್ಟು ಬರಿಗಾಲಲ್ಲಿ ಹೊರಟೆ. ಚಳಿಗಾಲ ಇನ್ನೂ ಮುಗಿದಿರಲಿಲ್ಲ, ನೆಲದ ತುಂಬ ಹರಳುಕಲ್ಲು. ಬೂಟು ಹಾಕಿಕೊಂಡೇ ಬರುತ್ತಿದ್ದ ಮಂದಿ ನನ್ನ ಪಾದ ನೋಡಿ ದಾರಿ ಬಿಟ್ಟರು. ಹಾದಿಯ ಪಕ್ಕದಲ್ಲಿ ಕಲ್ಲಿನ ಬಾನಿ, ಅದರ ಮೇಲೆ ಬಿದಿರಿನ ಉದ್ದ ಹಿಡಿಕೆಯ ಸೌಟುಗಳು. ಇದು ನನಗೆ ಗೊತ್ತಿರುವುದೇ ಎಂದುಕೊಂಡು ಸೌಟು ಎತ್ತಿ, ಬಲಗೈ ಬೊಗಸೆ ಮಾಡಿ, ಮೂರು ಸಲ ನೀರು ಹಾಕಿಕೊಂಡು ಮೂರು ಸಲ ಕುಡಿದು, ಒದ್ದೆ ಕೈಯನ್ನು ನೆತ್ತಿಗೆ ಸವರಿಕೊಂಡೆ. ಪಕ್ಕದಲ್ಲಿದ್ದ ಮುದುಕಿ ಬಾಯಿಗೆ ತೋಳು ಮುಚ್ಚಿಕೊಂಡು ನಕ್ಕಳು. ಸಿಂಧಿ ಹಣೆ ಬಡಿದುಕೊಂಡ.

“ಅರೇ ಭಾಯಿ! ಅದು ಕೈ ತೊಳೆಯುವ ನೀರು. ಬಾಯಿ ಮುಕ್ಕಳಿಸಿ ಉಗುಳಬೇಕು. ನೀನು ಕುಡಿದೇಬಿಟ್ಟೆಯಲ್ಲ!”

ಮುದುಕಿ ಪಾಪ, ನಗು ತಡೆದುಕೊಂಡು ತಾನೇ ಮಾಡಿ ತೋರಿಸಿದಳು. ಮೊದಲು ಎಡಗೈ, ಆಮೇಲೆ ಬಲಗೈ, ಆಮೇಲೆ ಬಾಯಿ. ಕೊನೆಗೆ ಸೌಟನ್ನು ನೆಟ್ಟಗೆ ಹಿಡಿದು ಅದರ ಹಿಡಿಕೆಗೂ ನೀರು ಇಳಿಸಬೇಕು, ಮುಂದಿನವರು ಮುಟ್ಟುವುದಕ್ಕೆ. ನಾನು ಅಲ್ಲೇ ನಿಂತು ಬಹಳ ಹೊತ್ತು ನೋಡಿದೆ. ಬಂದರಿನ ಹಮಾಲ ಬಂದ, ತೊಳೆದುಕೊಂಡ. ಕೋಟು ಹಾಕಿದ ಸಾಹುಕಾರ ಬಂದ, ಅದೇ ಸೌಟಿನಿಂದ ತೊಳೆದುಕೊಂಡ. ಮೀನು ಮಾರುವವಳು ಬಂದಳು. ನಮ್ಮೂರಲ್ಲಿ ಜಳಕಕ್ಕೆ ಹೋಗದ ಮೈಲಿಗೆ ಅಲ್ಲಿ ಒಂದು ಸೌಟು ನೀರಿಗೆ ಹೋಗುತ್ತಿತ್ತು. ನಡೀ ನಡೀ ಎಂದು ಸಿಂಧಿ ಅವಸರ ಮಾಡಿದ. ನಾನು ಎಣಿಸುತ್ತಿದ್ದೆ. ತೊಳೆದುಕೊಂಡ ಒಂದೊಂದು ಕೈಯೂ ದೊಡ್ಡಪ್ಪನ ಕೆನ್ನೆಗೆ ಒಂದೊಂದು ಏಟು.

ಮೇಲೆ ಮರದ ಗುಡಿ. ಎರಡು ಸಲ ಬಾಗಬೇಕು, ಎರಡು ಚಪ್ಪಾಳೆ ಹೊಡೆಯಬೇಕು, ಮತ್ತೊಮ್ಮೆ ಬಾಗಬೇಕು. ನಾನು ಚಪ್ಪಾಳೆ ಹೊಡೆದ ರಭಸಕ್ಕೆ ಪಾರಿವಾಳಗಳು ಎದ್ದವು. ಕುದುರೆ ಚಿತ್ರ ಬರೆದ ಸಣ್ಣ ಹಲಗೆಗಳನ್ನು ಅಲ್ಲಿ ಕೊಡುತ್ತಿದ್ದರು. ಬೇಡಿಕೆ ಬರೆದು ತೂಗುಹಾಕುವುದು ಪದ್ಧತಿ. ಒಂದು ತೆಗೆದುಕೊಂಡು ಕನ್ನಡದಲ್ಲಿ, ಮುಲ್ಕಿ ಓದಿದ ದುಂಡು ಅಕ್ಷರದಲ್ಲಿ ಬರೆದೆ: ನಮ್ಮ ದೊಡ್ಡಪ್ಪ ಕಂಬದ ಆಚೆ ನಿಲ್ಲಲಿ.

“ಏನು ಬೇಡಿಕೊಂಡೆ?” ಎಂದ ಸಿಂಧಿ.

“ಮನೆಯ ಹಿರಿಯರ ಆರೋಗ್ಯ” ಎಂದೆ.

“ಒಳ್ಳೆಯ ಹುಡುಗ” ಎಂದು ಅವನು ಬೆನ್ನು ತಟ್ಟಿದ.

ಗೋದಾಮಿನ ಕೆಲಸ ಎರಡು ವಾರ ಹಿಡಿಯಿತು. ಗಿರಣಿಯ ಪರವಾಗಿ ಒಬ್ಬ ಹತ್ತಿ ಪರೀಕ್ಷಕ ಇದ್ದ. ಐವತ್ತು ದಾಟಿದ, ಕಡ್ಡಿಯಂಥ ಮನುಷ್ಯ. ತೋಳಿಗೆ ನನ್ನಂತೆಯೇ ಕರಿ ಬಟ್ಟೆ. ಇಬ್ಬರೂ ಎದುರುಬದುರು ಕೂತು ಒಂದೊಂದೇ ಗಂಟಿನಿಂದ ಚಿಟಿಕೆ ತೆಗೆದು ಎಳೆ ಎಳೆಯುತ್ತಿದ್ದೆವು. ಅವನು ತಲೆ ಅಲ್ಲಾಡಿಸುತ್ತಿದ್ದ, ನಾನೂ ಅಲ್ಲಾಡಿಸುತ್ತಿದ್ದೆ. ಅವನ ಬೆರಳು ನೋಡಿದ ಎರಡನೆಯ ದಿನವೇ ಇವನು ಸುಳ್ಳು ಹೇಳುವವನಲ್ಲ ಎಂದು ನನಗೆ ತಿಳಿಯಿತು. ಅವನಿಗೂ ನನ್ನ ಬಗ್ಗೆ ತಿಳಿದಿರಬೇಕು. ಕೊನೆಗೆ ತೀರ್ಮಾನವಾಯಿತು. ಮಾಲು ಮಾದರಿಯಂತೆಯೇ ಇತ್ತು, ಹಡಗಿನ ತಳದಲ್ಲಿ ನೀರು ತಾಗಿದ ಗಂಟುಗಳಷ್ಟೇ ಕೆಟ್ಟಿದ್ದವು. ಅವನು ಎದ್ದು ನಿಂತು ನನಗೆ ಬಾಗಿದ. ನಾನೂ ಬಾಗಿದೆ. ಇವನಿಗೆ ಗುಡಿ ನೋಡುವ ಹುಚ್ಚು ಎಂದು ಸಿಂಧಿ ನಗುತ್ತ ಹೇಳಿದಾಗ, ಮರುದಿನ ಇಸೆಗೆ ತಾನೇ ಕರೆದೊಯ್ಯುತ್ತೇನೆ ಎಂದ.

ಇಸೆ ಅವರ ಅತಿ ದೊಡ್ಡ ದೇವರ ಜಾಗ. ಮೂವರೂ ರೈಲಿನಲ್ಲಿ ಹೋದೆವು. ತೇರಿನ ಗಾಲಿಯಷ್ಟು ದಪ್ಪದ ಮರಗಳ ನಡುವೆ ಹಾದಿ. ದೊಡ್ಡ ದೇವರೆಂದರೆ ಬಂಗಾರದ ಕಳಸ, ಕಲ್ಲಿನ ಗೋಪುರ ಇರುತ್ತದೆ ಎಂದುಕೊಂಡಿದ್ದೆ. ಬಣ್ಣವಿಲ್ಲದ ಮರ, ಹುಲ್ಲಿನ ಮಾಡು, ಸುತ್ತ ಬೇಲಿ. ಮರ ಇನ್ನೂ ಹೊಸದು, ನಮ್ಮ ಬಡಿಗೇರ ಮೊನ್ನೆ ಉಜ್ಜಿಟ್ಟಂತೆ. ಇಪ್ಪತ್ತು ವರ್ಷಕ್ಕೊಮ್ಮೆ ಗುಡಿಯನ್ನು ಪಕ್ಕದ ಖಾಲಿ ಜಾಗದಲ್ಲಿ ಹೊಸದಾಗಿ ಕಟ್ಟಿ ಹಳೆಯದನ್ನು ಬಿಚ್ಚುತ್ತಾರಂತೆ. ಪಕ್ಕದಲ್ಲಿ ಆ ಬಿಚ್ಚಿದ ಜಾಗ ಬಿಳಿ ಹರಳು ಹರಡಿಕೊಂಡು ಖಾಲಿ ಬಿದ್ದಿತ್ತು. ಅದನ್ನು ನೋಡಿ ನನಗೆ ಒಳಗೇ ಖುಷಿಯಾಯಿತು. ಅಲ್ಲಿ ಯಾವ ದೊಡ್ಡಪ್ಪನೂ ಇದು ನನ್ನ ಕಂಬ ಎನ್ನುವಂತಿಲ್ಲ.

ಬೇಲಿಯ ಬಾಗಿಲಲ್ಲಿ ಬಿಳಿ ಪರದೆ. ಅದರ ಆಚೆಗೆ ಹೋಗುವಂತಿಲ್ಲ ಎಂದಾಗ ನನ್ನ ಮೈ ಉರಿಯಿತು. “ಪರದೇಶದವರು ಹೋಗುವಂತಿಲ್ಲವೋ?” ಎಂದೆ. ಸಿಂಧಿ ಕೇಳಿದ. ಪರೀಕ್ಷಕ ಸುತ್ತ ಕೈ ತೋರಿಸಿದ. ಯಾರೂ ಹೋಗುವಂತಿಲ್ಲ, ತಾನೂ ಹೋಗುವಂತಿಲ್ಲ. ನನ್ನ ಎಡಕ್ಕೆ ಪದಕ ಹಾಕಿಕೊಂಡ ದೊಡ್ಡ ಅಧಿಕಾರಿಯೊಬ್ಬ ನಿಂತಿದ್ದ, ಬಲಕ್ಕೆ ಕೂಸು ಕಟ್ಟಿಕೊಂಡ ರೈತ ಹೆಂಗಸು. ಗಾಳಿಗೆ ಪರದೆ ಅಷ್ಟಿಷ್ಟು ಎತ್ತಿದಾಗ ಮೂವರೂ ಕತ್ತು ಚಾಚಿ ನೋಡಿದೆವು. ಮೂವರಿಗೂ ಕಂಡದ್ದು ಹರಳುಕಲ್ಲೇ.

ಹಡಗು ಹತ್ತುವ ಎರಡು ದಿನ ಮೊದಲು ಬೆಳಿಗ್ಗೆ ಆ ಪರೀಕ್ಷಕ ಗೋದಾಮಿನ ಹಿಂದಿನ ಓಣಿಗೆ ಕರೆದ. ಅಲ್ಲಿ ನಮ್ಮ ಶಿರಹಟ್ಟಿಯ ಗುಡಿಯಷ್ಟೇ ಸಣ್ಣ ಗುಡಿ. ನಮ್ಮನ್ನು ನಿಲ್ಲಿಸಿ ಪಕ್ಕದ ಖೋಲಿಗೆ ಹೋದ. ಹೊರಗೆ ಬಂದಾಗ ಬಿಳಿ ನಿಲುವಂಗಿ, ತಲೆಗೆ ಕರಿ ಟೊಪ್ಪಿಗೆ. ನಾನು ಮೊದಲು ಬೇರೆ ಮನುಷ್ಯ ಎಂದುಕೊಂಡೆ. ಹುಬ್ಬಿನ ಮೇಲೆ ಅರಳೆಯ ಎಳೆಯೊಂದು ಅಂಟಿಕೊಂಡಿತ್ತು, ಅದರಿಂದ ಗುರುತು ಹಿಡಿದೆ. ಎರಡು ವಾರ ನನ್ನ ಎದುರಿಗೆ ಕೂತು ಹತ್ತಿ ಎಳೆದವನೇ ಆ ಗುಡಿಯ ಪೂಜಾರಿ. ಮರದ ಅಡ್ಡಣಿಗೆಯ ಮೇಲೆ ಅಕ್ಕಿ, ಉಪ್ಪು, ನೀರು ಇಟ್ಟ. ಆಮೇಲೆ ಬಿಳಿ ಕಾಗದ ಬಿಚ್ಚಿ ಒಂದು ಹಿಡಿ ಅರಳೆ ತೆಗೆದು ಅದರ ಪಕ್ಕ ಇಟ್ಟ. ಹೊಸ ಮಾಲು ಬಂದಾಗ ಗೋದಾಮಿನ ಮಂದಿ ಮೊದಲ ಹಿಡಿಯನ್ನು ಇಲ್ಲಿ ಇಡುತ್ತಾರೆ ಎಂದು ಸಿಂಧಿ ಹೇಳಿದ. ಅವನು ಹೇಳುವ ಮೊದಲೇ ನನಗೆ ಅರಳೆ ಯಾವುದೆಂದು ಗೊತ್ತಾಗಿತ್ತು. ಹಿರೇಹಂದಿಗೋಳದ ಎರೆಯದು. ನಾನೇ ಮುಟ್ಟಿ, ನಾನೇ ಆರಿಸಿದ್ದು.

ಸಿಂಧಿಯ ತೋಳು ಹಿಡಿದೆ. “ಅವನನ್ನು ಒಂದು ಮಾತು ಕೇಳು” ಎಂದೆ. “ಕೂಲಿ ಮಾಡುವ ಕೈ ದೇವರನ್ನು ಮುಟ್ಟಬಹುದೇ?”

ಸಿಂಧಿ ಕೇಳಿದ. ಪೂಜಾರಿಗೆ ಪ್ರಶ್ನೆ ತಲೆಗೆ ಹತ್ತಲಿಲ್ಲ. ಸಿಂಧಿ ಎರಡನೆಯ ಸಲ ಕೇಳಿದ. ಯುದ್ಧದ ನಂತರ ಸರಕಾರ ಗುಡಿಗಳ ಕೈಬಿಟ್ಟಿತು, ತನ್ನಂಥ ಬಹಳ ಪೂಜಾರಿಗಳು ದುಡಿದೇ ಉಣ್ಣುತ್ತಾರೆ ಎಂದ ಪೂಜಾರಿ. ಆಮೇಲೆ ತನ್ನೆರಡು ಕೈಗಳನ್ನು ತಿರುಗಿಸಿ ನೋಡಿಕೊಂಡು, ಇವಲ್ಲದೆ ಮತ್ತೆ ಯಾವ ಕೈ ಮುಟ್ಟಬೇಕು ಎಂದು ನನ್ನನ್ನೇ ಕೇಳಿದ.

ಇಂಥ ಮಾತು ಕೇಳಿ ಮನಸ್ಸು ಮೆತ್ತಗಾಯಿತು ಎಂದು ಬರೆದರೆ ಓದುವವರಿಗೆ ಹಿತವಾದೀತು. ನನಗೆ ಹಾಗಾಗಲಿಲ್ಲ. ಕೈಗೆ ಒಳ್ಳೆಯ ಕಲ್ಲು ಸಿಕ್ಕ ಹಾಗಾಯಿತು.

೧೯೫೬ರಲ್ಲಿ, ಕನ್ನಡ ರಾಜ್ಯ ಒಂದಾಗುವ ವರ್ಷ, ಬನ್ನಿ ಹಬ್ಬದ ಹಿಂದಿನ ವಾರ, ಓಣಿಯ ಹಿರಿಯರನ್ನು ಗುಡಿಯ ಅಂಗಳಕ್ಕೆ ಕೂಡಿಸಿದೆ. ಅಷ್ಟರಲ್ಲಿ ದೊಡ್ಡಪ್ಪನ ಕಣ್ಣು ಮಂಜಾಗಿತ್ತು. ಅವನ ಮಗ, ನನಗೆ ಅಣ್ಣನಾಗಬೇಕಾದವನು, ಮಾಮಲೇದಾರ ಕಚೇರಿಯಲ್ಲಿ ಕಾರಕೂನ. ಬೆಳಿಗ್ಗೆ ಪೂಜೆ ಮಾಡಿ ಹತ್ತು ಗಂಟೆಗೆ ಕಚೇರಿಗೆ ಓಡುತ್ತಿದ್ದ. ಎರಡೂ ಪಾಳಿ ಅವನಿಗೇ ಉಳಿಯಲಿ ಎಂಬುದು ದೊಡ್ಡಪ್ಪನ ಆಸೆ. ಇದೆಲ್ಲ ನನಗೆ ಗೊತ್ತಿತ್ತು.

ಹಿರಿಯರಲ್ಲಿ ಒಬ್ಬರು ಎಲೆಅಡಿಕೆ ಜಗಿಯುತ್ತ ಶುರು ಮಾಡಿದರು. “ಮೂರು ದಿಕ್ಕಿಗೆ ಹಂಚಿಹೋದ ನಾಡ ಕೂಡಾಕ ಹತ್ತೈತಿ. ನಿಮ್ಮ ಒಂದ ಗುಡಿ ಪಾಳಿ ಕೂಡವಲ್ದೇನ್ರಿ?”

“ಇವ ಸಮುದ್ರ ದಾಟ್ಯಾನ” ಎಂದ ದೊಡ್ಡಪ್ಪ. “ಯಾವ್ಯಾವ ದೇವರ ಮುಂದ ನಿಂತು ಬಂದಾನೋ. ಪ್ರಾಯಶ್ಚಿತ್ತ ಆಗಬೇಕು.”

“ಆಗ್ಲಿ, ಮಾಡಿಸ್ಕೋತೀನಿ” ಎಂದೆ. “ಮೊದ್ಲ ಒಂದು ಮಾತು ಇತ್ಯರ್ಥ ಆಗ್ಲಿ. ಹತ್ತು ವರ್ಷದ ಹಿಂದ ಇಲ್ಲೇ ನಿಂತು, ಕೂಲಿ ಮಾಡೂ ಕೈಗೆ ಪೂಜಿ ಇಲ್ಲ ಅಂದ್ರಿ. ಅಂದಿದ್ರೋ ಇಲ್ಲೋ?”

“ಅಂದೇನಿ. ಈಗೂ ಅಂತೀನಿ.”

“ಎಲ್ಲಾರೂ ಕೇಳಿದ್ರಿಲ್ಲ? ಹಂಗಾರ ನಮ್ಮಣ್ಣ ಇವತ್ತಿಂದ ಗರ್ಭಗುಡಿ ಹೊಗೂದು ಬಂದ್. ಅಂವಾ ತಿಂಗಳಾ ಪಗಾರ ತಗೋತಾನ.”

ದೊಡ್ಡಪ್ಪನ ಮುಖ ಕೆಂಪಾಯಿತು. “ಸರಕಾರಿ ಕೆಲಸ ಅದು. ಲೆಕ್ಕಣಿಕಿ ಹಿಡೀತಾನ.”

“ಲೆಕ್ಕಣಿಕಿ ಹಿಡದ್ರ ಮಡಿ, ಹತ್ತಿ ಹಿಡದ್ರ ಮೈಲಿಗೀ ಏನ್ರಿ? ಒಳಗ ದೇವರ ಮುಂದ ಉರ್ಯಾಕ ಹತ್ತಿದ ಬತ್ತಿ ಯಾವುದರದ್ರಿ? ದೇವರು ಉಟ್ಟ ಪಂಚಿ ಯಾವುದರದ್ರಿ? ನಮ್ಮವ್ವ ಇಪ್ಪತ್ತು ವರ್ಷ ಬತ್ತಿ ಹೊಸೆದಳಲ್ಲ, ಆ ಹತ್ತಿ ಯಾರು ಬಿಡಿಸಿದ್ರು, ಅವರ ಹೆಸರು ಬರದಿಟ್ಟೀರೇನ?”

ಎಲೆಅಡಿಕೆಯ ಹಿರಿಯರು ಉಗುಳಲು ಎದ್ದವರು ನಗು ತಡೆಯಲಾರದೆ ಮತ್ತೆ ಕೂತರು. “ಹತ್ತಿ ಅಷ್ಟ ಒಳಗ, ಹತ್ತಿ ಮಂದಿ ಎಲ್ಲಾ ಹೊರಗ! ಭಾರಿ ಆತಲ್ರೀ ಇದು!” ಎಂದರು. ಇಡೀ ಅಂಗಳ ನಕ್ಕಿತು. ಅಣ್ಣ ತಲೆ ತಗ್ಗಿಸಿ, “ಅಪ್ಪಾ, ಸಾಕ ಬಿಡು” ಎಂದ. ಇಬ್ಬರಿಗೂ ಪಾಳಿ ಇರಲಿ, ಇಲ್ಲದಿದ್ದರೆ ಇಬ್ಬರಿಗೂ ಬೇಡ ಎಂದು ಹಿರಿಯರು ಹೇಳಿದರು. ದೊಡ್ಡಪ್ಪ ಒಪ್ಪಿದ. ಪ್ರಾಯಶ್ಚಿತ್ತದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. ಬನ್ನಿ ಹಬ್ಬದ ದಿನ ದೊಡ್ಡಪ್ಪನೇ ತಟ್ಟೆ ಹಿಡಿಯಬೇಕು, ಅಣ್ಣನ ಕೈಯಲ್ಲಿ ಕೊಟ್ಟುಕಳಿಸಕೂಡದು ಎಂದು ಹಟ ಹಿಡಿದೆ. ಮುದುಕ ಹಿಡಿದ. ಮಂಜುಗಣ್ಣಿನಲ್ಲಿ ನನ್ನ ಕೈ ಹುಡುಕುತ್ತ ತಟ್ಟೆಯನ್ನು ಮುಂದೆ ಚಾಚಿದ. ನಾನು ಎತ್ತಿಕೊಳ್ಳಲು ತಡ ಮಾಡಿದೆ. ಬೇಕೆಂದೇ ಮಾಡಿದೆ. ಓಣಿಯ ಮಂದಿಯೆಲ್ಲ ಕಣ್ತುಂಬ ನೋಡಿ ಮುಗಿಯಲಿ ಎಂದು ಕಾದು, ಆಮೇಲೆ ಎತ್ತಿಕೊಂಡೆ.

ಮರುದಿನ ಪೂಜೆಗೆ ದೊಡ್ಡಪ್ಪ ಬಂದ. ಅವನು ತೀರ್ಥಕ್ಕೆ ಕೈ ಒಡ್ಡಿದಾಗ, “ದೊಡ್ಡಪ್ಪಾ, ಕಂಬದ ಆಚೆ ನಿಂದ್ರರಿ” ಎಂದೆ. ಅವನು ಹಿಂದೆ ಸರಿದ. ತೀರ್ಥದ ಪಾತ್ರೆ ಹಿಡಿದು ಅವನತ್ತ ಹೊರಟ ನನ್ನನ್ನು ಅವ್ವ ತಡೆದಳು. ಬೇಡ ಮಗನೇ, ಹಿರಿಯರು ಎನ್ನುತ್ತಾಳೆ ಎಂದುಕೊಂಡೆ. ಅವಳು ಮೆಲ್ಲಗೆ, “ಜಲ್ದಿ ಏನೈತಿ? ಮಂದೀಗೆಲ್ಲಾ ಕೊಟ್ಟು ಮುಗಿಸು. ಇನ್ನೊಂದೀಟ ಹೊತ್ತು ನಿಂದ್ರಲಿ” ಎಂದಳು.

ಆ ಆರು ತಿಂಗಳೂ ಹಾಗೆಯೇ ನಡೆಯಿತು. ಮುಂದೆ ಅವನಿಗೆ ಪೂರ್ತಿ ಕಣ್ಣು ಕಾಣದಾಯಿತು. ನಾನು ಹೇಳುವುದು ಬೇಕಿರಲಿಲ್ಲ, ಅಂಗಳದಲ್ಲಿ ಕೈಯಾಡಿಸುತ್ತ ಬಂದು ಕಂಬವನ್ನು ತಡವಿ ಹುಡುಕಿ, ಅದರ ಆಚೆಗೆ ಹೋಗಿ ನಿಲ್ಲುತ್ತಿದ್ದ. ಒಳಗೆ ಬರ್ರಿ ಎಂದು ಒಂದು ಸಲ ಅಂದಿದ್ದರೆ ಆಗುತ್ತಿತ್ತು. ಅನ್ನಲಿಲ್ಲ. ಮೂರನೆಯ ವರ್ಷ ಅವನು ಸತ್ತ. ತಪ್ಪಾಯಿತೇ ಎಂದು ಹೆಂಡತಿ ಕೇಳುತ್ತಾಳೆ. ಅವ್ವನ ಮುಂಗೈ ಮೇಲೆ ಬಿದ್ದು ನೆಲಕ್ಕೆ ಹೋದ ತೀರ್ಥವನ್ನು ಅವಳು ನೋಡಿಲ್ಲ.

ಈಗ ನನಗಿರುವುದು ಇಷ್ಟು: ಬನ್ನಿಯಿಂದ ಯುಗಾದಿಯವರೆಗೆ ಆರು ತಿಂಗಳ ಪೂಜೆ, ಯುಗಾದಿಯ ಮೇಲೆ ಗದಗಿನಲ್ಲಿ ಅರಳೆಯ ಕೆಲಸ. ಬೆಟಗೇರಿಯಲ್ಲಿ ಎರಡು ಖೋಲಿಯ ಮನೆ. ಹೆಂಡತಿ, ಎರಡು ಹೆಣ್ಣು, ಒಂದು ಗಂಡು. ಒಂದು ಸೈಕಲ್ಲು. ಮಾತು ಬಿಟ್ಟ ಅಣ್ಣ ಒಬ್ಬ. ಅವ್ವ ಇಲ್ಲ.